ರಿಫಾತನ ದೋಣಿಯಾಟ

ಕೈರೋದಿಂದ ಉತ್ತರಕ್ಕಿರುವ ಮನ್ಸೂರಾ ಪಟ್ಟಣದ ಹುಸೇನಿಯಾ ಪೇಟೆಯಲ್ಲಿ ಅಭಿಪ್ರಾಯಕ್ಕೆ ಬರವಿರಲಿಲ್ಲ. ಜನ ಉಸ್ತಾ, ಅಂದರೆ ಮೇಸ್ತ್ರಿ, ಎಂದು ಕರೆಯುತ್ತಿದ್ದ ಹಿಲ್ಮಿಯ ಅಂಗಡಿಯ ಮುಂದೆ ಎರಡು ನಿಮಿಷ ನಿಂತರೆ ಸಾಕು, ಕೇಳದೆಯೇ ಸಿಗುತ್ತಿತ್ತು. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಆ ಅಂಗಡಿಯಲ್ಲಿ ಕೂತು ಅವನು ಕೆಟ್ಟುಹೋದ ವಿಡಿಯೋ ಗೇಮ್ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಯಂತ್ರ ತಂದವರು ಅದನ್ನು ವಾಪಸು ಪಡೆಯುವಾಗ ಜೊತೆಗೊಂದು ಉಪದೇಶವನ್ನೂ ಹೊತ್ತುಕೊಂಡೇ ಹೋಗಬೇಕಿತ್ತು. ವಯಸ್ಸು ಐವತ್ತೆಂಟು, ಮದುವೆಯಿಲ್ಲ, ಅಂಗಡಿಯ ಮೇಲಿನ ಮನೆಯಲ್ಲಿ ಅಮ್ಮನ ಜೊತೆ ವಾಸ. ಬೆಸುಗೆ ಕಡ್ಡಿಯ ಹೊಗೆ ಕುಡಿದು ಕುಡಿದು ಅವನ ಮೀಸೆ ಹಳದಿಯಾಗಿತ್ತು.

ಕಾರ್ಟ್ರಿಜ್ ಎಂಬ ಆಟದ ಡಬ್ಬಿ ಹಾಕಿ ಆಡುವ ಹಳೆಯ ಯಂತ್ರಗಳೆಂದರೆ ಅವನಿಗೆ ಪ್ರಾಣ. "ಉಫ್ ಅಂತ ಊದು, ತಳ್ಳು, ಆಡು. ಅಷ್ಟೇ ಅದರ ತಕರಾರು," ಎನ್ನುತ್ತಿದ್ದ. ಡಿಸ್ಕಿನ ಯಂತ್ರಗಳನ್ನು ಕಂಡರೆ ಮೂಗು ಮುರಿಯುತ್ತಿದ್ದ. ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಆಟಗಳ ಸುದ್ದಿ ಎತ್ತಿದರಂತೂ ಸಿಟ್ಟು ನೆತ್ತಿಗೇರುತ್ತಿತ್ತು. "ಕೈಯಲ್ಲಿ ಹಿಡಿಯಕ್ಕಾಗಲ್ಲ, ತಮ್ಮನಿಗೆ ಕೊಡಕ್ಕಾಗಲ್ಲ, ಪಕ್ಕದ ಮನೆಯೋನಿಂದ ಕಡ ತರಕ್ಕಾಗಲ್ಲ. ಅದೂ ಒಂದು ಆಟವೇನ್ರೋ? ಬಾಡಿಗೆ ಗಾಳಿ!"

ಪ್ರೋಗ್ರಾಮಿಂಗ್ ಭಾಷೆಗಳ ಮೇಲೂ ಅವನ ತೀರ್ಪುಗಳು ಸಿದ್ಧವಾಗಿರುತ್ತಿದ್ದವು. ಸಂಜೆಯ ಚಹಾಕ್ಕೆ ಬಂದು ಕೂರುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರು ಬಯ್ಯೂಮಿ ಬೇಕೆಂದೇ ಕೆಣಕುತ್ತಿದ್ದರು.

"ಪೈಥಾನ್ ಕಲೀಬೇಕು ಅಂತ ನನ್ನ ಮೊಮ್ಮಗಳು ಹಠ ಹಿಡಿದಿದ್ದಾಳಪ್ಪ. ಏನಂತೀಯಾ?"

"ಅದರಲ್ಲಿ ಖಾಲಿ ಬಿಟ್ಟ ಜಾಗಕ್ಕೂ ಅರ್ಥ ಇದೆಯಂತೆ ಮೇಷ್ಟ್ರೇ. ನಿಮ್ಮ ಹೆಂಡ್ತಿ ಸುಮ್ಮನಿದ್ದಾಗ ಇರುತ್ತಲ್ಲ, ಹಾಗೆ."

"ಹಾಗಾದ್ರೆ ಸಿ ಭಾಷೆ?"

"ಚಾಕು ಕೊಡುತ್ತೆ, ಹಣ್ಣು ಕೊಡಲ್ಲ. ಬೆರಳು ಕುಯ್ಕೊಂಡ್ರೆ ನಿಮ್ಮ ಹಣೆಬರಹ ಅನ್ನುತ್ತೆ. ನನ್ನ ಕೇಳಿದ್ರೆ ಬೇಸಿಕ್ ಒಂದೇ ಭಾಷೆ. ಅದೂ ನಮ್ಮ ಅರಬ್ಬಿಯಲ್ಲಿ ಬರೆದ ಬೇಸಿಕ್. ಹೆತ್ತ ತಾಯಿ ಬೈಯೋ ಭಾಷೆಯಲ್ಲಿ ಹೇಳಿದ್ರೆ ಯಂತ್ರಕ್ಕೂ ಒಂದು ಭಯ ಭಕ್ತಿ ಇರುತ್ತೆ."

ಎಲ್ಲರೂ ನಗುತ್ತಿದ್ದರು. ಆದರೆ ಅಲ್ಲಿ ಕೂತವರಲ್ಲಿ ಒಬ್ಬರಿಗೂ ತಿಳಿಯದ ಸಂಗತಿಯೊಂದಿತ್ತು. ಹಿಲ್ಮಿ ತನ್ನ ಜನ್ಮದಲ್ಲಿ ಒಂದು ಸಾಲು ಪ್ರೋಗ್ರಾಮ್ ಕೂಡ ಬರೆದವನಲ್ಲ. ಈ ಮಾತುಗಳಾವುವೂ ಮೊದಲಿಗೆ ಅವನವಾಗಿರಲಿಲ್ಲ. ಅವೆಲ್ಲ ಅವನ ತಮ್ಮ ರಿಫಾತನವು. ರಿಫಾತ್ ಸತ್ತ ಮೇಲೆ ಬಂದ ಯಂತ್ರ, ಬಂದ ಭಾಷೆಗಳ ಬಗ್ಗೆ ರಿಫಾತ್ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಹಿಲ್ಮಿ ಒಬ್ಬನೇ ಕೂತು ಯೋಚಿಸುತ್ತಿದ್ದ. ಹೊಳೆದದ್ದನ್ನು ಮರುದಿನ ಪೇಟೆಗೆ ಸಾರುತ್ತಿದ್ದ. ತಮ್ಮನ ಬಾಯಿ ನಿಲ್ಲಬಾರದು ಎಂಬುದಷ್ಟೇ ಅವನ ಆಸೆ.

ರಿಫಾತ್ ಎರಡು ವರ್ಷ ಕುವೈತಿನಲ್ಲಿ ಗುಮಾಸ್ತನಾಗಿದ್ದವನು. ಊರಿಗೆ ಬರುವಾಗ ಬೇರೆಯವರ ಮಕ್ಕಳು ಫ್ಯಾನು, ಕಂಬಳಿ, ಚಿನ್ನದ ಬಳೆ ತಂದರೆ ಇವನು ಅರಬ್ಬಿ ಅಕ್ಷರದ ಕೀಲಿಗಳಿದ್ದ ಒಂದು ಕಂಪ್ಯೂಟರ್ ತಂದ. ಟಿವಿಗೆ ಜೋಡಿಸಿದರೆ ನೀಲಿ ಪರದೆ ಬರುತ್ತಿತ್ತು. ಬರೆದದ್ದನ್ನು ಉಳಿಸಿಕೊಳ್ಳಲು ಹಾಡಿನ ಕ್ಯಾಸೆಟ್ಟೇ ಗತಿ. ಕ್ಯಾಸೆಟ್ಟಿನಿಂದ ಪ್ರೋಗ್ರಾಮ್ ಯಂತ್ರಕ್ಕೆ ಏರುವಾಗ ಕಿರ್ರ್ ಎಂದು ಅರಚಿಕೊಳ್ಳುತ್ತಿದ್ದ ಸದ್ದಿಗೆ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಯಾವ ಬೆಕ್ಕಿನ ಕತ್ತು ಹಿಸುಕ್ತಿದ್ದೀಯೋ, ಬಿಟ್ಟುಬಿಡೋ ಪಾಪ!"

ಒಂಬತ್ತು ತಿಂಗಳು ಹಠ ಹಿಡಿದು ರಿಫಾತ್ ಒಂದು ಆಟ ಬರೆದ. ಮನ್ಸೂರಾ ದಡದಿಂದ ನದಿಯಾಚೆಯ ತಲ್ಖಾಕ್ಕೆ ದೋಣಿಯಲ್ಲಿ ಜನರನ್ನು ದಾಟಿಸುವ ಆಟ. ನೀರಿನ ಮೇಲೆ ಅಂತರಗಂಗೆಯ ಹಸಿರು ಗೊಂಚಲುಗಳು ತೇಲಿ ಬರುತ್ತಿದ್ದವು. ತಾಕಿದರೆ ದೋಣಿ ಮಗುಚುತ್ತಿತ್ತು. ಸಂಜೆ ಅಂಗಡಿ ಮುಚ್ಚಿ ಬಂದ ಹಿಲ್ಮಿಯೇ ಅದರ ಮೊದಲ ಆಟಗಾರ. ಅವನು ಸೋತಷ್ಟೂ ರಿಫಾತನಿಗೆ ಖುಷಿ.

ಆಟ ಮುಗಿದ ಎರಡೇ ವಾರಕ್ಕೆ, ದಮಿಯೆತ್ತಾ ರಸ್ತೆಯಲ್ಲಿ ಮೈಕ್ರೋಬಸ್ಸು ಲಾರಿಗೆ ಬಡಿದು ರಿಫಾತ್ ಹೋದ. ಇಪ್ಪತ್ತೈದು ತುಂಬಿರಲಿಲ್ಲ. ಹೆಂಡತಿ ಐದು ತಿಂಗಳ ಬಸುರಿ.

ಬೀದಿಗೆ ಅಡ್ಡಲಾಗಿ ಶೋಕದ ಶಾಮಿಯಾನ ಹಾಕಿದರು. ಸಕ್ಕರೆಯಿಲ್ಲದ ಕಾಫಿ ಹಂಚಿದರು. ಕುರಾನ್ ಓದಲು ದೊಡ್ಡ ಹೆಸರಿನ ಧರ್ಮಗುರು ಶೇಖ್ ಒಬ್ಬರು ಒಪ್ಪಿಕೊಂಡರು. ಅಂಥವರು ಓದುವಾಗ ಅದನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟುಕೊಳ್ಳುವುದು ಅಲ್ಲಿನ ರೂಢಿ. ಆಗ ಹಿಲ್ಮಿಯದು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ. ಈ ಕೆಲಸ ಅವನ ಪಾಲಿಗಲ್ಲದೆ ಇನ್ನಾರ ಪಾಲಿಗೆ ಬಂದೀತು? ಅಂದು ಪೇಟೆಯಲ್ಲಿ ಕ್ಯಾಸೆಟ್ ಮಾರುವ ಅಂಗಡಿ ಮುಚ್ಚಿತ್ತು. ಅಂಗಡಿಯವನೇ ಶಾಮಿಯಾನದೊಳಗೆ ಕಾಫಿ ಹಂಚುತ್ತಿದ್ದ. ಮನೆಯಲ್ಲಿದ್ದವೆಲ್ಲ ಪ್ರೇಮಗೀತೆಗಳ ಕ್ಯಾಸೆಟ್ಟುಗಳು.

"ಹಾಡಿನ ಮೇಲೆ ದೇವರ ಮಾತು ಬೇಡ ಕಣೋ," ಎಂದಳು ಅಮ್ಮ. "ಹಾಡಿಲ್ಲದ್ದು ಒಂದಾದ್ರೂ ಇರುತ್ತೆ, ಸರಿಯಾಗಿ ನೋಡು."

ಡ್ರಾಯರಿನ ತಳದಲ್ಲಿ ಹೆಸರು ಬರೆಯದ ಒಂದು ಕ್ಯಾಸೆಟ್ ಸಿಕ್ಕಿತು. ಅದರ ಅಂಚಿನ ಹಲ್ಲು ಮುರಿದಿತ್ತು. ಹಲ್ಲು ಮುರಿದ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಮಾಡಲು ಬರುವುದಿಲ್ಲ. ಯಾರೋ ಅದನ್ನು ಜೋಪಾನ ಮಾಡಲೆಂದೇ ಮುರಿದಿದ್ದಾರೆ ಎಂದು ಹಿಲ್ಮಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊರಗೆ ಶೇಖ್‌ರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಕಣ್ಣು ಮಂಜಾಗಿತ್ತು, ಕೈ ಮಾತ್ರ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಮಾಡುವ ಕೆಲಸವನ್ನು ತಾನೇ ಮಾಡಿತು: ಹಲ್ಲಿನ ಗುಳಿಗೆ ಒಂದು ಚೂರು ಅಂಟುಪಟ್ಟಿ ಹಚ್ಚಿತು. ಮೊದಲ ದಿನದ ಪಠಣ ಒಂದು ಬದಿಗೆ, ಎರಡನೇ ದಿನದ್ದು ಇನ್ನೊಂದು ಬದಿಗೆ.

ಒಂದು ವಾರದ ಮೇಲೆ ತಮ್ಮನ ಆಟವನ್ನೊಮ್ಮೆ ಆಡೋಣವೆಂದು ಕ್ಯಾಸೆಟ್ ಹುಡುಕಿದಾಗ ಹಿಲ್ಮಿಗೆ ಆ ಮುರಿದ ಹಲ್ಲು ನೆನಪಾಯಿತು. ಆಟವಿದ್ದ ಕ್ಯಾಸೆಟ್ ಅದೊಂದೇ. ತಮ್ಮನ ಒಂಬತ್ತು ತಿಂಗಳ ದುಡಿಮೆಯನ್ನು ತಮ್ಮನ ಸಾವಿನ ಪಠಣದಿಂದಲೇ ಅಳಿಸಿದ್ದ. ಹೇಳಿಕೊಳ್ಳುವುದಾದರೂ ಯಾರಿಗೆ? ದೇವರ ಮಾತು ಕೂತ ಜಾಗದಲ್ಲಿ ಒಂದು ಆಟವಿತ್ತು, ಅದು ಬೇಕಿತ್ತು ಎಂದು ಬಾಯಿಬಿಟ್ಟರೆ ಜನ ಏನನ್ನುತ್ತಾರೆ? ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಕಂಪ್ಯೂಟರನ್ನು ಕೈರೋದವನೊಬ್ಬನಿಗೆ ಮಾರಿಬಿಟ್ಟ. ಅದು ಕಣ್ಣೆದುರು ಇದ್ದರೆ ಉಸಿರಾಡಲು ಆಗುತ್ತಿರಲಿಲ್ಲ.

ಆ ಕ್ಯಾಸೆಟ್ ಅಮ್ಮನ ಪಾಲಾಯಿತು. ಹಜ್ ಮಾಡಿ ಬಂದಿದ್ದ ಅವಳನ್ನು ಪೇಟೆಯವರು ಹಾಗ್ಗಾ ಇನ್ಸಾಫ್ ಎಂದು ಕರೆಯುತ್ತಿದ್ದರು. ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅವಳು ಅದನ್ನು ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ಶೇಖ್‌ರ ದನಿ ಏಳುತ್ತಿದ್ದಂತೆಯೇ ಹಿಲ್ಮಿ ಚಪ್ಪಲಿ ಮೆಟ್ಟಿ ಕಾಫಿ ಅಂಗಡಿಗೆ ಹೊರಟುಬಿಡುತ್ತಿದ್ದ. ಮೂವತ್ತೆರಡು ವರ್ಷ, ಒಂದು ಶುಕ್ರವಾರವೂ ತಪ್ಪದೆ, ಹಾಗೇ ಓಡಿದ.

ರಿಫಾತನ ಮಗಳು ಶಾಹಿನಾಜ್ ಅಪ್ಪನನ್ನು ನೋಡದೆ ಹುಟ್ಟಿದವಳು. ತಾಂತಾದಲ್ಲಿ ತಾಯಿಯ ಜೊತೆ ಬೆಳೆದಳು. ಹಬ್ಬಕ್ಕೆ ಬಂದಾಗಲೆಲ್ಲ ದೊಡ್ಡಪ್ಪನ ತೊಡೆಯೇರಿ ಕೇಳುತ್ತಿದ್ದಳು:

"ಅಪ್ಪನ ದೋಣಿ ಕತೆ ಹೇಳಿ ದೊಡ್ಡಪ್ಪ. ಈಗ ಎಲ್ಲಿದೆ ಅದು?"

"ಕ್ಯಾಸೆಟ್ಟಲ್ಲಿ ಭದ್ರವಾಗಿದೆ ಕಂದ. ಓಡಿಸೋ ಯಂತ್ರ ಇಲ್ಲ ಅಷ್ಟೇ."

ಒಂದು ಸುಳ್ಳು ಒಂಟಿಯಾಗಿ ಬಾಳುವುದಿಲ್ಲ, ಸಂಸಾರ ಹೂಡುತ್ತದೆ. ಅವನ ಕತೆಯ ದೋಣಿಯಲ್ಲಿ ಬಾತುಕೋಳಿ ಮಾರುವ ಮುದುಕಿ ಬಂದಳು, ಕೆಂಪು ಟೋಪಿಯ ಪೊಲೀಸು ಬಂದ, ಮದುವೆ ದಿಬ್ಬಣ ಬಂತು. ಆಟ ವರ್ಷವರ್ಷಕ್ಕೂ ಬೆಳೆಯಿತು. ಮಗು ಕಣ್ಣರಳಿಸಿ ಕೇಳುತ್ತಿತ್ತು. ಆ ಕಣ್ಣು ರಿಫಾತನದೇ. ಅದನ್ನು ನೋಡಿ ನಿಜ ಹೇಳುವಷ್ಟು ಗಟ್ಟಿ ಎದೆ ಹಿಲ್ಮಿಗೆ ಇರಲಿಲ್ಲ.

ಆ ಮಗು ದೊಡ್ಡವಳಾಗಿ ತಾಂತಾದ ಶಾಲೆಯೊಂದರಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಟೀಚರಾದಳು. ಒಂದು ಸೋಮವಾರ ಫೋನ್ ಮಾಡಿದಳು.

"ದೊಡ್ಡಪ್ಪ, ಕೂತಿದ್ದೀರೋ ನಿಂತಿದ್ದೀರೋ? ಕೂತ್ಕೊಳ್ಳಿ. ಅಪ್ಪನ ಹತ್ರ ಇದ್ದಂಥದ್ದೇ ಯಂತ್ರ ಸಿಕ್ತು! ಹಳೇ ಸಾಮಾನು ಕೂಡಿಡೋ ಒಬ್ರು ಕೊಟ್ರು. ಚೆನ್ನಾಗಿ ಓಡ್ತಿದೆ. ಶುಕ್ರವಾರ ತರ್ತೀನಿ. ಕ್ಯಾಸೆಟ್ ತೆಗೆದಿಟ್ಟಿರಿ. ನಂಗಂತೂ ಈ ವಾರ ನಿದ್ದೆ ಬರಲ್ಲ ಬಿಡಿ."

ಹಿಲ್ಮಿ ಫೋನು ಇಟ್ಟ. ಬೆಸುಗೆ ಕಡ್ಡಿ ಬಿಸಿಯಾಗೇ ಉಳಿದು ಮೇಜಿನ ಮರ ಸುಟ್ಟಿತು, ಅವನಿಗೆ ಗೊತ್ತಾಗಲಿಲ್ಲ. ನಿಜ ಹೇಳಿಬಿಡಲೇ ಎಂದು ಎರಡು ದಿನ ತೊಳಲಾಡಿದ. ಮೂರನೇ ದಿನ ಅಂಜಿಕೆಯೇ ಗೆದ್ದಿತು. ಹಳೆಯ ಕ್ಯಾಸೆಟ್ಟೊಂದನ್ನು ಹುಡುಕಿ, ಅದರ ಹಲ್ಲು ಮುರಿದು, ಸ್ಪೀಕರಿನ ಅಯಸ್ಕಾಂತದಿಂದ ತೀಡಿ ತೀಡಿ ಒಳಗಿದ್ದದ್ದೆಲ್ಲ ಅಳಿಸಿದ. ತಪ್ಪನ್ನು ಕಾಲದ ತಲೆಗೆ ಕಟ್ಟಿದರಾಯಿತು. ಕಾಲ ಎದ್ದು ಬಂದು ಜಗಳವಾಡುವುದಿಲ್ಲವಲ್ಲ.

ಶುಕ್ರವಾರ ಶಾಹಿನಾಜ್ ಬಂದಳು. ಯಂತ್ರವನ್ನು ತನ್ನ ಉಣ್ಣೆಯ ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳು. ಅಜ್ಜಿ ಬಾತುಕೋಳಿ ಬೇಯಿಸಿ ಮುಲೂಖಿಯಾ ಸೊಪ್ಪಿನ ಸಾರು ಮಾಡಿದ್ದಳು. ಹುಡುಗಿ ಅರ್ಧ ತಟ್ಟೆಯಲ್ಲೇ ಎದ್ದಳು. ಟಿವಿಗೆ ತಂತಿ ಜೋಡಿಸಿದಳು, ನೀಲಿ ಪರದೆ ಬಂತು.

ಹಿಲ್ಮಿ ಸುಳ್ಳು ಕ್ಯಾಸೆಟ್ ಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು, ಕಣ್ಣಿಗೊತ್ತಿಕೊಂಡು ಹಾಕಿದಳು. ಬರೀ ಸುಯ್ ಎಂಬ ಸದ್ದು. ಹಿಂದಕ್ಕೆ ಸುತ್ತಿದಳು, ಮುಂದಕ್ಕೆ ಸುತ್ತಿದಳು, ಬದಿ ತಿರುಗಿಸಿದಳು. ಅರ್ಧ ಗಂಟೆ ಅವಳು ಸೋಲೊಪ್ಪಲಿಲ್ಲ. ಕೊನೆಗೆ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ತುಂಬಾ ವರ್ಷ ಆಯ್ತಲ್ಲ, ಅಳಿಸಿಹೋಗಿದೆ," ಎಂದಳು. "ನೀವು ಇಷ್ಟು ದಿನ ಕಾಪಾಡಿದ್ದೇ ದೊಡ್ಡದು ದೊಡ್ಡಪ್ಪ. ನಿಮ್ಮ ತಪ್ಪೇನಿದೆ ಇದ್ರಲ್ಲಿ?"

ಬೈದಿದ್ದರೆ ಹಿಲ್ಮಿ ತಡೆದುಕೊಳ್ಳುತ್ತಿದ್ದನೇನೋ. ಈ ಮಾತನ್ನು ತಡೆಯಲಾಗಲಿಲ್ಲ. ಐವತ್ತೆಂಟರ ಗಂಡಸು ನೆಲಕ್ಕೆ ಕುಸಿದು ಮಗುವಿನ ಹಾಗೆ ಅತ್ತ.

"ನಂದೇ ತಪ್ಪು ಮಗಳೇ. ಅದು ಆ ಕ್ಯಾಸೆಟ್ಟೇ ಅಲ್ಲ. ನಿಂಗೆ ಮೋಸ ಮಾಡೋಕೆ ಅಂತ ನಾನೇ ಮೊನ್ನೆ ಅಳಿಸಿಟ್ಟಿದ್ದು. ನಿಮ್ಮಪ್ಪನ ಆಟ ಯಾವತ್ತೋ ಹೋಯ್ತು. ಅವನ ಶಾಮಿಯಾನದಲ್ಲೇ, ನನ್ನ ಕೈಯಾರೆ, ಅದರ ಮೇಲೆ ಶೇಖ್‌ರ ಓದು ಹಿಡಿದುಬಿಟ್ಟೆ."

ಎಲ್ಲವನ್ನೂ ಹೇಳಿದ. ಮುರಿದ ಹಲ್ಲು, ಅಂಟುಪಟ್ಟಿ, ಒಂದನ್ನೂ ಬಿಡಲಿಲ್ಲ. ಶಾಹಿನಾಜ್ ಕದಲದೆ ಕೇಳಿದಳು.

"ಮೂವತ್ತೆರಡು ವರ್ಷ," ಎಂದಳು ಕಡೆಗೆ. "ಆ ಬಾತುಕೋಳಿ ಮುದುಕಿ? ದಿಬ್ಬಣ?"

"ನಾನು ಕಟ್ಟಿದ್ದು."

"ನಾನು ನನ್ನ ಶಾಲೆ ಮಕ್ಕಳಿಗೆಲ್ಲ ಹೇಳಿದ್ದೀನಿ ದೊಡ್ಡಪ್ಪ. ನಮ್ಮಪ್ಪ ಹಿಂಗೆ ಬರೆದಿದ್ರು, ಹಂಗೆ ಬರೆದಿದ್ರು ಅಂತ."

ಆಗ ಮಂಚದ ಮೇಲಿಂದ ಹಾಗ್ಗಾ ಇನ್ಸಾಫಳ ದನಿ ಬಂತು. ಎಂಬತ್ತಮೂರರ ಮುದುಕಿ, ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು.

"ಪೂರ್ತಿ ಹೋಗಿಲ್ಲ."

ಇಬ್ಬರೂ ತಿರುಗಿದರು.

"ಶೇಖ್‌ರು ಮುಗಿಸ್ತಾರೆ. ಆಮೇಲೆ ಜನ ಕೆಮ್ಮಿದ್ದು, ಕುರ್ಚಿ ಎಳೆದದ್ದು. ಅದಾದ ಮೇಲೆ ಬರುತ್ತೆ, ರಿಫಾತನ ಬೆಕ್ಕು, ಆ ಕಿರ್ರ್ ಸದ್ದು. ಒಂದು ನಿಮಿಷವೂ ಇಲ್ಲ, ಅರಚುತ್ತೆ, ನಿಲ್ಲುತ್ತೆ. ನಾನು ಪ್ರತಿ ಶುಕ್ರವಾರ ಅದನ್ನ ಕೇಳಿಯೇ ಗುಂಡಿ ಒತ್ತೋದು."

ಹಿಲ್ಮಿ ಮಂಚದ ಹತ್ತಿರ ಸರಿದ. "ನಿಂಗೆ... ಗೊತ್ತಿತ್ತಾ ಅಮ್ಮ?"

"ಮೊದಲನೇ ಶುಕ್ರವಾರವೇ ಗೊತ್ತಾಯ್ತು. ಒಂಬತ್ತು ತಿಂಗಳು ಅದನ್ನೇ ಅಲ್ವೇನೋ ನಾನು ಬೈದಿದ್ದು? ಹಾಡಿಲ್ಲದ್ದು ತಾ ಅಂದವಳೂ ನಾನೇ. ನಿಂಗೆ ಹೇಳಿದ್ರೆ ನೀನು ನದಿಗೆ ಬೀಳ್ತಿದ್ದೆ. ಒಬ್ಬನ್ನ ಮಣ್ಣಿಗಿಟ್ಟು ಬಂದಿದ್ದೆ, ಇನ್ನೊಬ್ಬ ಇರಲಿ ಅಂತ ಸುಮ್ಮನಾದೆ."

ನಿಲ್ಲದೆ ಓಡಿಹೋಗುತ್ತಿದ್ದ ಹಿಲ್ಮಿ ಒಂದೇ ಒಂದು ಶುಕ್ರವಾರ ಅವಳ ಪಕ್ಕ ಕೂತಿದ್ದರೆ ಸಾಕಿತ್ತು. ಒಂದೇ ಸೂರಿನ ಕೆಳಗೆ ಇಬ್ಬರು ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರಿಗೆ ಮುಚ್ಚಿಟ್ಟು ಮುದುಕರಾಗಿದ್ದರು. ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆಯೋ ನಾನರಿಯೆ.

ಶಾಹಿನಾಜ್ ಅಜ್ಜಿಯ ಕ್ಯಾಸೆಟ್ಟಿನ ಆ ಕೊನೆಯ ಸದ್ದನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಚಹಾ ಕುಡಿಯಲಿಲ್ಲ. ಅಜ್ಜಿಯ ಹಣೆಗೆ ಮುತ್ತಿಟ್ಟಳು. ದೊಡ್ಡಪ್ಪನ ಕಡೆ ನೋಡದೆ ಮೆಟ್ಟಿಲಿಳಿದಳು.

ಮೂರು ವಾರ ಅವಳ ಸುದ್ದಿಯಿಲ್ಲ. ಆ ಮೂರು ವಾರ ಅಂಗಡಿಯಲ್ಲಿ ಯಾವ ಅಭಿಪ್ರಾಯವೂ ಹೊರಡಲಿಲ್ಲ. ಹೊಸ ಯಂತ್ರ ಬಂದಿದೆಯಂತಲ್ಲ, ಡಿಸ್ಕು ಹಾಕುವ ಬಾಯಿಯೇ ಇಲ್ಲವಂತೆ ಎಂದು ಬಯ್ಯೂಮಿ ಮೇಷ್ಟ್ರು ಕೆಣಕಿದರು. ಹಿಲ್ಮಿ ತಲೆಯೆತ್ತದೆ "ಇರಬಹುದು ಮೇಷ್ಟ್ರೇ" ಎಂದ. ಮೇಷ್ಟ್ರು ಗಾಬರಿಯಾಗಿ, ಇವನಿಗೆ ಜ್ವರವೇನೋ ಎಂದು ಮನೆಯಿಂದ ನಿಂಬೆ ಶರಬತ್ತು ತಂದುಕೊಟ್ಟರು.

ನಾಲ್ಕನೇ ಶುಕ್ರವಾರ ಅವಳು ಬಂದಳು. ಕಣ್ಣಿನ ಕೆಳಗೆ ಕಪ್ಪು. ಆ ಅರಚಾಟವನ್ನು ಅಕ್ಷರವಾಗಿ ಓದುವ ಪ್ರೋಗ್ರಾಮೊಂದನ್ನು ಪೈಥಾನಿನಲ್ಲಿ ತಾನೇ ಬರೆದಿದ್ದಳು. ಸಾವಿರಕ್ಕೂ ಹೆಚ್ಚು ಸಲ ಉಜ್ಜಿ ಸವೆದ ಪಟ್ಟಿಯಿಂದ ನಲವತ್ತೊಂದು ಸಾಲು ಸಿಕ್ಕಿತ್ತು.

"ಅಪ್ಪ ಪ್ರತಿ ಸಾಲಿಗೂ ಒಂದು ನಂಬರ್ ಕೊಟ್ಟಿದ್ದಾರೆ ಅಜ್ಜಿ," ಎಂದು ಅಜ್ಜಿಗೆ ಮಾತ್ರ ಹೇಳಿದಳು. "ಅವರ ಆಟ ಹತ್ತನೇ ಸಾಲಿಂದ ಶುರು. ನಮಗೆ ಸಿಕ್ಕಿರೋದು ಏಳುನೂರ ಮೂವತ್ತರಿಂದ. ಬಾಲ ಅಷ್ಟೇ."

ನೆಲದ ಮೇಲೆ ಕೂತು ಒಂದೊಂದೇ ಸಾಲನ್ನು ಹಳೆಯ ಯಂತ್ರಕ್ಕೆ ಟೈಪು ಮಾಡಿದಳು. ಅರಬ್ಬಿ ಕೀಲಿ ಅವಳಿಗೆ ಅಭ್ಯಾಸವಿಲ್ಲ. ಮಧ್ಯೆ ಒಂದು ಅಕ್ಷರಕ್ಕೆ ತಡಕಾಡಿದಾಗ ಹಿಲ್ಮಿ ಹಿಂದಿನಿಂದ ಬೆರಳು ಚಾಚಿ ತೋರಿಸಿದ. ಅವಳು ತಿರುಗಲಿಲ್ಲ, ಆದರೆ ಅದನ್ನೇ ಒತ್ತಿದಳು.

ಓಡು ಎಂದಳು ಯಂತ್ರಕ್ಕೆ. ಪರದೆಯ ಮೇಲೊಂದು ನೀಲಿ ಪಟ್ಟಿ ಎದ್ದಿತು, ಅದರಾಚೆ ಹಸಿರು ಗೆರೆ, ತಲ್ಖಾದ ದಡ. ದೋಣಿಯಿಲ್ಲ, ಜನರಿಲ್ಲ. ಮೂರು ಸಲ ಇಳಿದನಿಯಲ್ಲಿ ಬೀಪ್ ಎಂದಿತು. ಆಮೇಲೆ ಅರಬ್ಬಿಯಲ್ಲಿ ಎರಡು ಸಾಲು ಮೂಡಿದವು.

"ಕನ್ನಡಕ ಇಲ್ಲ ನಂಗೆ. ಏನಂತೆ?" ಎಂದಳು ಮುದುಕಿ.

ಹಿಲ್ಮಿ ಓದಿದ: "ದೋಣಿ ಮುಳುಗಿತು. ಮತ್ತೆ ಆಡ್ತೀಯಾ?"

"ಆಡ್ತೀವಿ ಅನ್ನು. ಹೂಂ ಅನ್ನೇ ಬೇಗ, ಕಾಯ್ತಿರ್ತಾನೆ."

ಶಾಹಿನಾಜ್ ಹೌದು ಎಂದು ಒತ್ತಿದಳು. ಯಂತ್ರ ಒಂದು ಗಳಿಗೆ ಯೋಚಿಸಿ, ಹತ್ತನೇ ಸಾಲು ಇಲ್ಲವೆಂದು ಬರೆದು ನಿಂತುಬಿಟ್ಟಿತು. ಆ ಹತ್ತನೇ ಸಾಲು ಶೇಖ್‌ರ ದನಿಯ ಅಡಿಯಲ್ಲಿತ್ತು.

ಆಮೇಲೆ ಶಾಹಿನಾಜ್ ಮೊದಲ ಸಲ ದೊಡ್ಡಪ್ಪನ ಮುಖ ನೋಡಿದಳು. ಸಿಟ್ಟು ಇನ್ನೂ ಇತ್ತು, ಆದರೆ ಅದನ್ನು ಪಕ್ಕಕ್ಕಿಟ್ಟು ಕೇಳಿದಳು.

"ಶುರುವಿನದ್ದು ನಾನು ಬರೀತೀನಿ ದೊಡ್ಡಪ್ಪ. ಬರೆಯಕ್ಕೆ ಬರುತ್ತೆ ನಂಗೆ. ಈ ಆಟ ಆಡಿದವರಲ್ಲಿ ಉಳಿದಿರೋದು ನೀವೊಬ್ರೇ. ನೀವು ಸೇರಿಸಿದ್ದು ಬೇಡ, ಅಪ್ಪ ಮಾಡಿದ್ದಷ್ಟೇ ಹೇಳಿ. ದೋಣಿಗೆ ಮೊದಲು ಯಾರು ಹತ್ತೋರು? ದೋಣಿ ಬಣ್ಣ ಯಾವ್ದು? ಅಂತರಗಂಗೆ ಎಡದಿಂದ ಬರ್ತಿತ್ತಾ, ಬಲದಿಂದಾನಾ?"

ಹಿಲ್ಮಿ ಬಾಯಿ ತೆರೆದ. ನೆನಪಿಗೆ ಬಾತುಕೋಳಿ ಮುದುಕಿ ಮೊದಲು ಬಂದಳು, ಅವಳನ್ನು ತಳ್ಳಿದ. ಕೆಂಪು ಟೋಪಿಯ ಪೊಲೀಸು ಬಂದ, ಅವನನ್ನೂ ತಳ್ಳಿದ. ಅವರ ಹಿಂದೆ ಯಾರಿದ್ದಾರೆಂದು ಇಣುಕಿ ನೋಡಿದ. ಯಾರೂ ಇರಲಿಲ್ಲ. ಮೂವತ್ತೆರಡು ವರ್ಷ ಹೇಳಿ ಹೇಳಿ, ತಮ್ಮ ಬರೆದಿದ್ದ ಆಟದ ಮೇಲೆ ತನ್ನ ಆಟವನ್ನು ಅವನೇ ಹಿಡಿದುಬಿಟ್ಟಿದ್ದ.

"ಗೊತ್ತಿಲ್ಲ ಮಗಳೇ," ಎಂದ. "ಎಡಗಡೆಯಿಂದ ಬರ್ತಿತ್ತೋ ಬಲಗಡೆಯಿಂದ ಬರ್ತಿತ್ತೋ, ಅದೂ ಗೊತ್ತಿಲ್ಲ."